ಕರ್ಪೂರ

ಕರ್ಪೂರ ಮರದಿಂದ ದೊರೆಯುವ, ಘಾಟು ವಾಸನೆಯ ಬಿಳಿ ಹರಳು; ರಸಾಯನಶಾಸ್ತ್ರದ ಪ್ರಕಾರ ಟರ್ಪೀನ್ ಬಳಗಕ್ಕೆ ಸೇರಿದ ಕೀಟೋನ್. ಕರಗುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಸಾಮಾನ್ಯ ಉಷ್ಣತೆಯಲ್ಲೇ, ದ್ರವವಾಗದೆ, ನೇರವಾಗಿ ಆವಿಯಾಗುತ್ತದೆ. ಇದೇ ಕಾರಣಕ್ಕೆ ಡಬ್ಬಿಯಲ್ಲಿಟ್ಟ ಬಿಲ್ಲೆಗಳು ಸವೆಯುತ್ತವೆ, ಮುಚ್ಚಳದ ಒಳಮೈಗೆ ಸಣ್ಣ ಹರಳು ಕಟ್ಟುತ್ತವೆ. ಸವೆಯದಿರಲೆಂದು ನಾಲ್ಕು ಮೆಣಸಿನ ಕಾಳು ಹಾಕಿಡುವ ರೂಢಿ ನಮ್ಮ ಮನೆಗಳಲ್ಲಿದೆ; ಕಾಳಿಗಿಂತ ಬಿಗಿಯಾದ ಮುಚ್ಚಳವೇ ಹೆಚ್ಚು ಕೆಲಸ ಮಾಡೀತು. ಉರಿದಾಗ ಬೂದಿ ಉಳಿಯುವುದಿಲ್ಲವೆಂಬುದು ನಿಜ, ಆದರೆ ಇಂಗಾಲದ ಅಂಶ ಹೆಚ್ಚಾದ್ದರಿಂದ ಜ್ವಾಲೆ ಕಪ್ಪು ಹೊಗೆ ಕಾರುತ್ತದೆ. ಆರತಿ ತಟ್ಟೆಯ ಮಸಿ ತಿಕ್ಕುವವರಿಗೆ ಇದು ಗೊತ್ತು.

ಪ್ರಾಚೀನ ವ್ಯಾಪಾರದಲ್ಲಿ ಕರ್ಪೂರ ಎರಡು ಬಗೆಯದು. ಸುಮಾತ್ರಾ, ಬೋರ್ನಿಯೊ ಕಾಡುಗಳ ಡ್ರಯೋಬಲನಾಪ್ಸ್ ಮರವನ್ನು ಸೀಳಿ ತೆಗೆಯುತ್ತಿದ್ದ ಹರಳು ಮೊದಲನೆಯದು. ಅದು ನಿಜಕ್ಕೂ ಬೋರ್ನಿಯಾಲ್ ಎಂಬ ಬೇರೆ ವಸ್ತು. ಸುಮಾತ್ರಾದ ಈ ಸರಕು ಚಿನ್ನದ ತೂಕಕ್ಕೆ ಮಾರಾಟವಾಗುತ್ತಿತ್ತೆಂದು ಮಾರ್ಕೊ ಪೋಲೊ ಬರೆದಿದ್ದಾನೆ. ಎರಡನೆಯದು ಚೀನಾ, ತೈವಾನ್, ದಕ್ಷಿಣ ಜಪಾನಿನಲ್ಲಿ ಬೆಳೆಯುವ, ದಾಲ್ಚಿನ್ನಿಯ ಸಂಬಂಧಿಯಾದ ಕರ್ಪೂರದ ಮರದ್ದು. ಕಾಂಡ, ಬೇರುಗಳನ್ನು ಚಕ್ಕೆ ಮಾಡಿ ಹಬೆಯಲ್ಲಿ ಬೇಯಿಸಿ, ಆವಿಯನ್ನು ತಣಿಸಿ ಹರಳು ತೆಗೆಯುತ್ತಿದ್ದರು. ಹಾಗಾಗಿ ಹರಳಿಗಾಗಿ ಮರವನ್ನೇ ಉರುಳಿಸಬೇಕಾಗಿತ್ತು.

ಪೂಜೆ, ಔಷಧಿಗಳಿಗೆ ಬೇಕಾಗುತ್ತಿದ್ದುದು ಅಷ್ಟಿಷ್ಟೇ. 1870ರಲ್ಲಿ ಅಮೆರಿಕದ ಹಯಟ್ ಸಹೋದರರು ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಲೆಕ್ಕ ತಲೆಕೆಳಗಾಯಿತು. ಬಾಚಣಿಗೆ, ಗೊಂಬೆ, ಆಮೇಲೆ ಫೋಟೊ ಮತ್ತು ಸಿನಿಮಾ ಫಿಲ್ಮ್ ಎಲ್ಲಕ್ಕೂ ಕರ್ಪೂರ ಬೇಕಾಯಿತು. ನೊಬೆಲ್‌ನ ಹೊಗೆರಹಿತ ಮದ್ದಿನಲ್ಲೂ ಅದಿತ್ತು. 1895ರಲ್ಲಿ ತೈವಾನ್ ವಶಪಡಿಸಿಕೊಂಡ ಜಪಾನ್, 1899ರಲ್ಲಿ ಅಲ್ಲಿನ ಕರ್ಪೂರವನ್ನು ಸರ್ಕಾರಿ ಏಕಸ್ವಾಮ್ಯಕ್ಕೆ ತಂದಿತು. ಮರಗಳಿದ್ದ ಬೆಟ್ಟಗಳು ಮೂಲನಿವಾಸಿಗಳ ನೆಲವಾಗಿದ್ದವು. ಅವುಗಳಿಗಾಗಿ ನಡೆದ ಕಾದಾಟ ದೀರ್ಘವೂ ರಕ್ತಸಿಕ್ತವೂ ಆಗಿತ್ತು.

ಏಕಸ್ವಾಮ್ಯದ ಬೆಲೆಯೇ ಪರ್ಯಾಯ ಹುಡುಕಲು ಪ್ರೇರಣೆ. ಫಿನ್ಲೆಂಡಿನ ಗುಸ್ತಾಫ್ ಕೊಂಪ್ಪ 1903ರಲ್ಲಿ ಕರ್ಪೂರದ ಪೂರ್ಣ ಸಂಶ್ಲೇಷಣೆ ಪ್ರಕಟಿಸಿದರು. ಆದರೆ ಕಾರ್ಖಾನೆಗಳಿಗೆ ಒಗ್ಗಿದ್ದು ಪೈನ್ ಮರದ ಟರ್ಪೆಂಟೈನಿನಲ್ಲಿರುವ ಪೈನೀನನ್ನು ಹಂತಹಂತವಾಗಿ ಮಾರ್ಪಡಿಸುವ ದಾರಿ. ಇಂದು ಅಂಗಡಿಯಲ್ಲಿ ಸಿಗುವ ಆರತಿ ಕರ್ಪೂರ ಬಹುಪಾಲು ಇಂಥದ್ದೇ. ಕರ್ಪೂರದ ಮರದ ಹರಳು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಕಾರ್ಖಾನೆಯದು ಸಾಮಾನ್ಯವಾಗಿ ತಿರುಗಿಸುವುದಿಲ್ಲ. ಪ್ರಯೋಗಾಲಯ ಎರಡನ್ನೂ ಬೇರ್ಪಡಿಸಲು ನೆಚ್ಚಿಕೊಳ್ಳುವುದು ಈ ವ್ಯತ್ಯಾಸವನ್ನೇ. ಲಾಡು, ತೀರ್ಥಗಳಿಗೆ ಬಳಸುವ ಪಚ್ಚಕರ್ಪೂರವನ್ನು ಆರತಿಯ ಬಿಲ್ಲೆಯೊಂದಿಗೆ ಅದಲುಬದಲು ಮಾಡಕೂಡದು.

ಚರ್ಮಕ್ಕೆ ಹಚ್ಚಿದರೆ ತಂಪು, ಬಿಸಿ ಎರಡೂ ಅನುಭವವಾಗುವುದರಿಂದ ನೋವು, ನೆಗಡಿಯ ಮುಲಾಮುಗಳಲ್ಲಿ ಕರ್ಪೂರ ಇಂದಿಗೂ ಇದೆ. ಹೊಟ್ಟೆಗೆ ಹೋದರೆ ಮಾತ್ರ ಅಪಾಯ: ಮಿದುಳನ್ನು ಕೆರಳಿಸಿ ಸೆಳವು ತರಿಸುತ್ತದೆ, ಚಿಕ್ಕ ಮಕ್ಕಳಿಗೆ ಅಲ್ಪ ಪ್ರಮಾಣವೇ ಸಾಕು. ಈ ಗುಣವನ್ನೇ ಚಿಕಿತ್ಸೆಯಾಗಿಸಲು ಹೊರಟ ಹಂಗೇರಿಯ ವೈದ್ಯ ಲಾಡಿಸ್ಲಾಸ್ ಮೆದುನಾ, 1934ರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕರ್ಪೂರದ ಚುಚ್ಚುಮದ್ದು ಕೊಟ್ಟು ಸೆಳವು ಬರಿಸಿದರು. ಪರಿಣಾಮ ನಿಧಾನ, ಅನಿಶ್ಚಿತ. ಅವರೇ ಬೇಗ ಬೇರೆ ಔಷಧಕ್ಕೆ ಹೊರಳಿದರು. ಅಮೆರಿಕದಲ್ಲಿ ಹಚ್ಚುವ ಔಷಧಗಳಲ್ಲಿ ಕರ್ಪೂರದ ಪ್ರಮಾಣ ಶೇ. 11 ಮೀರುವಂತಿಲ್ಲ.