ಪತ್ರಿಕಾಕರ್ತ ಮೆಕೆಂಜಿ

ಚರಿತ್ರೆಯನ್ನು ಓದುವ ನಾವು ಗೆದ್ದವರ ಹೆಸರನ್ನು ಸುಲಭವಾಗಿ ನೆನಪಿಡುತ್ತೇವೆ. ಆದರೆ ಒಬ್ಬನ ಸೋಲೇ ಮುಂದೆ ಒಂದು ದೇಶದ ಗೆಲವಿಗೆ ದಾರಿಯಾಗುವುದೂ ಉಂಟು. ಅಂತಹವನನ್ನು ಅಳೆಯುವುದು ಕಷ್ಟ. ಕೆನಡಾ ದೇಶದ ವಿಲಿಯಂ ಲಯನ್ ಮೆಕೆಂಜಿ ಇಂತಹವನು. ಅವನ ವೃತ್ತಾಂತವನ್ನು ಕೇಳುಗರ ಮುಂದಿಡಲು ಈ ಹೊತ್ತು ಅಪೇಕ್ಷಿಸುತ್ತೇವೆ.

ಮೆಕೆಂಜಿ 1795ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಹುಟ್ಟಿದ ಕೆಲವೇ ವಾರಗಳಲ್ಲಿ ತಂದೆ ತೀರಿಹೋದನು. ತಾಯಿ ಬಡತನದಲ್ಲಿ ಸಾಕಿದಳು. 1820ರಲ್ಲಿ ಅವನು ಕಡಲು ದಾಟಿ, ಇಂದು ಆಂಟೇರಿಯೊ ಎನ್ನಿಸಿಕೊಂಡಿರುವ ಅಪ್ಪರ್ ಕೆನಡಾ ಸೀಮೆಗೆ ಬಂದು ವ್ಯಾಪಾರಕ್ಕೆ ನಿಂತನು. ಅದು ಕಾಡು ಕಡಿದು ಹೊಲ ಮಾಡುತ್ತಿದ್ದ ವಲಸೆಗಾರರ ಗಡಿನಾಡು. ಆಡಳಿತವಾದರೋ ಗವರ್ನರನ ಸುತ್ತ ನೆರೆದಿದ್ದ ಕೆಲವು ಮನೆತನಗಳ ಕೈಯಲ್ಲಿತ್ತು. ಈ ಕೂಟಕ್ಕೆ ‘ಫ್ಯಾಮಿಲಿ ಕಾಂಪ್ಯಾಕ್ಟ್’ ಎಂದು ಹೆಸರಾಯಿತು. ಜನರು ಆರಿಸಿದ ಶಾಸನಸಭೆಯೊಂದಿತ್ತು, ನಿಜ. ಆದರೆ ಗವರ್ನರನ ಸಲಹೆಗಾರರು ಆ ಸಭೆಗೆ ಉತ್ತರ ಹೇಳಬೇಕಾಗಿರಲಿಲ್ಲ. ಭೂಮಿಯಲ್ಲಿ ಏಳನೆಯ ಒಂದು ಪಾಲಿನಷ್ಟು ಪಾದ್ರಿಗಳ ಪೋಷಣೆಗೆ ಮೀಸಲಾಗಿತ್ತು. ಬೀಳು ಬಿದ್ದ ಈ ನೆಲ ಹೊಲಗಳ ನಡುನಡುವೆ ಅಡ್ಡವಾಗಿದ್ದುದರಿಂದ ರಸ್ತೆ ಮಾಡುವುದೂ ದುಸ್ತರವಾಯಿತು.

1824ರ ಮೇ 18ರಂದು ಮೆಕೆಂಜಿ ನಯಾಗರ ನದಿಯ ದಡದ ಕ್ವೀನ್‌ಸ್ಟನ್ ಎಂಬ ಊರಿನಲ್ಲಿ ‘ಕಲೋನಿಯಲ್ ಅಡ್ವೊಕೇಟ್’ ಎಂಬ ಪತ್ರಿಕೆಯನ್ನು ಹೊರಡಿಸಿದನು. ಆ ವರ್ಷದ ಕೊನೆಯಲ್ಲೇ ಅದನ್ನು ರಾಜಧಾನಿಯಾದ ಯಾರ್ಕ್ ಪಟ್ಟಣಕ್ಕೆ ಸಾಗಿಸಿದನು. ಅವನ ಲೇಖನಿಗೆ ಸಂಯಮವೆಂಬುದು ತಿಳಿಯದು. ಅಧಿಕಾರಿಗಳ ನಡತೆಯ ಜೊತೆಗೆ ಅವರ ಕುಲಗೋತ್ರಗಳನ್ನೂ ಎಳೆದು ಹಳಿಯುತ್ತಿದ್ದನು. 1826ರ ಜೂನ್ 8ರಂದು ದೊಡ್ಡ ಮನೆತನಗಳ ತರುಣರು ಅವನ ಮುದ್ರಣಾಲಯಕ್ಕೆ ನುಗ್ಗಿ, ಯಂತ್ರವನ್ನು ಕೆಡವಿ, ಅಚ್ಚುಮೊಳೆಗಳನ್ನು ಕೊಲ್ಲಿಯ ನೀರಿಗೆಸೆದರು. ಆಗ ಮೆಕೆಂಜಿ ಸಾಲಗಾರರಿಗೆ ಅಂಜಿ ಊರು ಬಿಟ್ಟಿದ್ದನು. ಪತ್ರಿಕೆ ಮುಳುಗುವ ಸ್ಥಿತಿಯಲ್ಲಿತ್ತು. ನ್ಯಾಯಾಲಯವು ಅವನಿಗೆ 625 ಪೌಂಡುಗಳ ಪರಿಹಾರವನ್ನು ಕೊಡಿಸಿತು. ಹೀಗೆ ಪತ್ರಿಕೆಯನ್ನು ಕೊಲ್ಲಲು ಬಂದವರೇ ಅದಕ್ಕೆ ಮರುಜೀವ ಕೊಟ್ಟರು.

1828ರಲ್ಲಿ ಅವನು ಶಾಸನಸಭೆಗೆ ಆಯ್ಕೆಯಾದನು. 1831ರ ಡಿಸೆಂಬರಿನಲ್ಲಿ ಸಭೆಯ ಬಹುಮತವು ಅವನ ಬರಹವನ್ನು ಮಾನಹಾನಿಯೆಂದು ಎಣಿಸಿ ಅವನನ್ನು ಹೊರಹಾಕಿತು. ಕೆಲವೇ ದಿನಗಳಲ್ಲಿ, 1832ರ ಜನವರಿ 2ರಂದು, ಮತದಾರರು ಅವನನ್ನು 119 ಮತಗಳಿಂದ ಮತ್ತೆ ಆರಿಸಿದರು. ಎದುರಾಳಿಗೆ ಬಂದುದು ಒಂದೇ ಮತ. ಸಭೆಯು ಮತ್ತೆ ಮತ್ತೆ ಹೊರಹಾಕಿತು. ಜನರು ಮತ್ತೆ ಮತ್ತೆ ಕಳುಹಿಸಿದರು. 1834ರಲ್ಲಿ ಯಾರ್ಕ್ ಪಟ್ಟಣವು ಟೊರಾಂಟೊ ನಗರವಾದಾಗ ಅದರ ಮೊದಲ ಮೇಯರಾದವನು ಇವನೇ. ಮಂತ್ರಿಗಳು ಪ್ರಜಾಪ್ರತಿನಿಧಿಗಳಿಗೆ ಹೊಣೆಯಾಗಿರಬೇಕೆಂಬ ಬೇಡಿಕೆಯನ್ನು 1835ರಲ್ಲಿ ಅವನ ಅಧ್ಯಕ್ಷತೆಯ ಕುಂದುಕೊರತೆಗಳ ಸಮಿತಿಯು ವರದಿಯಲ್ಲಿ ಬರೆದಿಟ್ಟಿತು.

1836ರ ಚುನಾವಣೆಯಲ್ಲಿ ಗವರ್ನರ್ ಬಾಂಡ್ ಹೆಡ್ ತಾನೇ ಕಣಕ್ಕಿಳಿದಂತೆ ಪ್ರಚಾರ ಮಾಡಿದನು, ಮೆಕೆಂಜಿ ಸೋತನು. ಅಲ್ಲಿಂದ ಅವನ ಮನಸ್ಸು ಲೇಖನಿಯಿಂದ ಕೋವಿಗೆ ತಿರುಗಿತು. 1837ರ ಡಿಸೆಂಬರಿನಲ್ಲಿ ಸೈನ್ಯವೆಲ್ಲ ಲೋಯರ್ ಕೆನಡಾಕ್ಕೆ ಹೋಗಿದ್ದ ಸಮಯ ನೋಡಿ, ರೈತರನ್ನು ಮಾಂಟ್‌ಗಾಮರಿಯ ಹೋಟೆಲಿನ ಬಳಿ ಕೂಡಿಸಿದನು. 5ರ ಸಂಜೆ ಅವರು ನಗರದತ್ತ ನಡೆದರು. ಸಣ್ಣದೊಂದು ಕಾವಲುಪಡೆ ಗುಂಡು ಹಾರಿಸಿ ಓಡಿತು. ದಂಗೆಕೋರರ ಮುಂದಿನ ಸಾಲಿನವರು ತಾವೂ ಗುಂಡು ಹಾರಿಸಿ, ಹಿಂದಿನವರಿಗೆ ಎಡೆಯಾಗಲೆಂದು ನೆಲಕ್ಕೆ ಬಾಗಿದರು. ಹಿಂದಿನವರು ಅವರು ಸತ್ತರೆಂದೇ ಭಾವಿಸಿ ಪಲಾಯನ ಮಾಡಿದರು. 7ರಂದು ದಂಗೆ ಮುರಿಯಿತು. ಮೆಕೆಂಜಿಯ ತಲೆಗೆ 1000 ಪೌಂಡು ಬೆಲೆ ಕಟ್ಟಿದರೂ ಅವನು ಗಡಿ ದಾಟಿ ಅಮೆರಿಕವನ್ನು ಸೇರಿದನು. ಅವನ ಜೊತೆಗಾರರಾದ ಸ್ಯಾಮ್ಯುಯಲ್ ಲೌಂಟ್ ಮತ್ತು ಪೀಟರ್ ಮ್ಯಾಥ್ಯೂಸ್ ಎಂಬಿಬ್ಬರು 1838ರ ಏಪ್ರಿಲ್ 12ರಂದು ಗಲ್ಲಿಗೇರಿದರು.

ಇಲ್ಲಿಯೇ ನಾವು ತಡೆದು ಯೋಚಿಸಬೇಕು. ಅಕ್ಷರದಿಂದ ಜನರನ್ನು ಕೆರಳಿಸಿದವನು ಬದುಕಿದನು. ಅವನ ಕರೆಗೆ ಓಗೊಟ್ಟವರು ಸತ್ತರು. ಈ ಋಣವು ಪತ್ರಿಕಾಕರ್ತನ ಲೆಕ್ಕದಿಂದ ಅಳಿಯತಕ್ಕದ್ದಲ್ಲ. ಆದರೆ ದಂಗೆಗಳ ಕಾರಣವನ್ನು ವಿಚಾರಿಸಲು ಬಂದ ಲಾರ್ಡ್ ಡರ್‌ಹಮ್ 1839ರ ತನ್ನ ವರದಿಯಲ್ಲಿ ಹೊಣೆಯರಿತ ಸರ್ಕಾರವೇ ಮದ್ದೆಂದು ಹೇಳಿದುದೂ ಅಷ್ಟೇ ಸತ್ಯ. ಆಯುಧವನ್ನು ಹಿಡಿಯದ ರಾಬರ್ಟ್ ಬಾಲ್ಡ್‌ವಿನ್ ಎಂಬ ಸೌಮ್ಯನು ತನ್ನ ಮಿತ್ರ ಲಾಫಾಂಟೇನನೊಡನೆ 1848ರಲ್ಲಿ ಅದನ್ನು ಆಚರಣೆಗೆ ತಂದನು. ಬಾಲ್ಡ್‌ವಿನ್ನನ ತಾಳ್ಮೆಯಿಲ್ಲದೆ ಕಾರ್ಯ ಕೈಗೂಡುತ್ತಿರಲಿಲ್ಲ. ಮೆಕೆಂಜಿಯ ಕೂಗಿಲ್ಲದೆ ಲಂಡನ್ನಿನ ಕಿವಿ ಇಷ್ಟು ಬೇಗ ತೆರೆಯುತ್ತಿತ್ತೆಂದು ನಾವು ನಂಬಲಾರೆವು.

ಅಮೆರಿಕದಲ್ಲಿ ಮೆಕೆಂಜಿ ತಾಟಸ್ಥ್ಯದ ಕಾನೂನನ್ನು ಮುರಿದನೆಂದು ಸೆರೆಮನೆ ಕಂಡನು. ದೂರದಿಂದ ಹೊಗಳಿದ್ದ ಆ ಗಣರಾಜ್ಯದಲ್ಲಿಯೂ ಪಕ್ಷಪಾತ, ಹುದ್ದೆಗಳ ಹಂಚಿಕೆಗಳನ್ನು ಹತ್ತಿರದಿಂದ ಕಂಡು ನಿರಾಶನಾದನು. 1849ರಲ್ಲಿ ಕ್ಷಮಾದಾನ ದೊರೆತು ಮರು ವರ್ಷ ಸ್ವದೇಶಕ್ಕೆ ಹಿಂದಿರುಗಿದನು. 1851ರಿಂದ 1858ರವರೆಗೆ ಮತ್ತೆ ಶಾಸನಸಭೆಯಲ್ಲಿ ಕುಳಿತು, ಯಾವ ಪಕ್ಷಕ್ಕೂ ಒಗ್ಗದೆ, 1861ರ ಆಗಸ್ಟ್ 28ರಂದು ಟೊರಾಂಟೊದಲ್ಲಿ ನಿಧನ ಹೊಂದಿದನು. ಅವನ ಮಗಳ ಮಗನಾದ ಮೆಕೆಂಜಿ ಕಿಂಗ್ ಇಪ್ಪತ್ತೊಂದು ವರ್ಷಗಳಿಗೂ ಮೀರಿ ಕೆನಡಾದ ಪ್ರಧಾನಮಂತ್ರಿಯಾಗಿದ್ದನು.

ಈ ಕಥೆ ನಮಗೆ ತೀರ ದೂರದ್ದಲ್ಲ. 1917ರಲ್ಲಿ ಮಾಂಟೆಗು ಇಂಡಿಯಾ ದೇಶಕ್ಕೆ ವಾಗ್ದಾನ ಮಾಡಿದುದು ಜವಾಬ್ದಾರಿ ಸರ್ಕಾರವನ್ನು. 1947ರಲ್ಲಿ ಮೈಸೂರಿನ ಜನರು ಬೀದಿಗಿಳಿದು ಕೇಳಿ ಪಡೆದುದೂ ಅದನ್ನೇ. ಆ ಮಾತು ನಮ್ಮವರ ನಾಲಿಗೆಗೆ ಬರುವ ಬಹುಕಾಲ ಮೊದಲೇ, ಗಡಿನಾಡಿನ ಒಬ್ಬ ಮುದ್ರಕನು ಅದರ ತಿರುಳಿಗಾಗಿ ತನ್ನ ಅಚ್ಚುಮೊಳೆಗಳನ್ನು ನೀರಿಗೆ ತೆತ್ತಿದ್ದನು.