ಬೋರ್ ಮಾಡಿಸುವುದೋ, ಸ್ಲೀವ್ ಹಾಕಿಸುವುದೋ?

ಹಳೆಯ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಅದರ ಯಜಮಾನನಿಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ: 'ಬೋರ್ ಮಾಡಿಸೋಣವೋ, ಸ್ಲೀವ್ ಹಾಕಿಸೋಣವೋ?' ಬರೀ ಖರ್ಚಿನ ಲೆಕ್ಕದಂತೆ ಕಾಣುವ ಈ ಪ್ರಶ್ನೆಗೆ ನೂರು ವರ್ಷಗಳ ಇತಿಹಾಸವಿದೆ. ಅರ್ಧ ಉತ್ತರವೂ ಆ ಇತಿಹಾಸದಲ್ಲೇ ಸಿಗುತ್ತದೆ.

ಮೊದಲು ಸವೆತದ ಮಾತು. ಸಿಲಿಂಡರ್ ಎಂದರೆ ಪಿಸ್ಟನ್ ಓಡಾಡುವ ಕೊಳವೆ. ಪಿಸ್ಟನ್ನಿಗೆ ತೊಡಿಸಿದ ರಿಂಗುಗಳು ಅದರ ಗೋಡೆಯನ್ನು ನಿಮಿಷಕ್ಕೆ ಸಾವಿರಾರು ಸಲ ಉಜ್ಜುತ್ತವೆ. ಉಳುವಾಗ ಏಳುವ ದೂಳು ಗಾಳಿಯೊಂದಿಗೆ ಒಳಹೊಕ್ಕರೆ ಸಾಣೆಪುಡಿಯಂತೆ ಕೆಲಸ ಮಾಡುತ್ತದೆ. ಗೋಡೆ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ಬಂದು ಹಿಂತಿರುಗುವ ಜಾಗದಲ್ಲಿ ಶಾಖ, ಒತ್ತಡ ಹೆಚ್ಚು, ಎಣ್ಣೆ ಕಡಿಮೆ. ಆದ್ದರಿಂದ ಸವೆತ ಅಲ್ಲೇ ಹೆಚ್ಚು. ಕೊಳವೆ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ ಉಳಿಯುತ್ತದೆ. ಆಗ ಎಂಜಿನ್ ಆಯಿಲ್ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ, ಭಾರಕ್ಕೆ ಎಳೆಯಲಾರದೆ ನಿಲ್ಲುತ್ತದೆ.

1917ರಲ್ಲಿ ಹೆನ್ರಿ ಫೋರ್ಡ್ ತಯಾರಿಸತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ಸಿಲಿಂಡರುಗಳು ಬ್ಲಾಕಿನೊಂದಿಗೇ ಎರಕ ಹೊಯ್ದವು. ಒಳಗೆ ಬೇರೆ ಕೊಳವೆ ಇರಲಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನೀರಿನ ಮೂಲಕ ಹಾಯಿಸಿ ದೂಳು ಕಳೆಯುವ ಏರ್ಪಾಡು ಅದರಲ್ಲಿತ್ತು. ಗೋಡೆ ಸವೆದರೆ ಉಪಾಯ ಒಂದೇ: ಯಂತ್ರಕ್ಕೆ ಕೊಟ್ಟು ಕೊಳವೆಯನ್ನು ಸ್ವಲ್ಪ ಅಗಲ ಕೊರೆಸುವುದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು. ಇದೇ ಬೋರ್ ಮಾಡಿಸುವುದು. ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 20, 30, 40 ಭಾಗ ಎಂಬ ಲೆಕ್ಕದಲ್ಲಿ ಓವರ್‌ಸೈಜ್ ಪಿಸ್ಟನ್‌ಗಳು ಬರುತ್ತವೆ. ಎರಡು ಮೂರು ಸಲ ಹೀಗೆ ನಡೆಯುತ್ತದೆ. ಆದರೆ ಕೊರೆದು ತೆಗೆದ ಕಬ್ಬಿಣ ಮರಳಿ ಬರುವುದಿಲ್ಲ, ಗೋಡೆ ಪ್ರತಿ ಸಲವೂ ತೆಳುವಾಗುತ್ತದೆ.

ಫೋರ್ಡ್‌ಸನ್ನಿನ ಬಲ ಅದರ ಬೆಲೆ. 1922ರಲ್ಲಿ ಫೋರ್ಡ್ ಅದನ್ನು 625 ಡಾಲರಿನಿಂದ 395 ಡಾಲರಿಗೆ ಇಳಿಸಿದ. ಎದುರಾಳಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಾನೂ ಬೆಲೆ ಇಳಿಸಿತು. ಆದರೆ ಅದರ ಕೈಯಲ್ಲಿ ಇನ್ನೊಂದು ಉತ್ತರವೂ ಇತ್ತು. 1921ರ ಮೆಕಾರ್ಮಿಕ್-ಡೀರಿಂಗ್ 15-30 ಮತ್ತು 1923ರ 10-20 ಟ್ರ್ಯಾಕ್ಟರುಗಳ ಸಿಲಿಂಡರಿನಲ್ಲಿ ಬಿಚ್ಚಿ ಬದಲಿಸಬಹುದಾದ ಸ್ಲೀವ್‌ಗಳಿದ್ದವು. ಸವೆಯುವುದು ಸ್ಲೀವ್, ಉಳಿಯುವುದು ಬ್ಲಾಕ್. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವ ನಮ್ಮ ಕಮ್ಮಾರರಿಗೆ ಈ ವಿಚಾರ ಹೊಸದೇನಲ್ಲ. ಪಟ್ಟಿ ಸವೆಯಲೆಂದೇ ಇರುವುದು, ಚಕ್ರ ಉಳಿಯಲೆಂದು. ಫೋರ್ಡ್ ಕೊಳ್ಳುವ ದಿನದ ಖರ್ಚನ್ನು ತಗ್ಗಿಸಿದರೆ, ಹಾರ್ವೆಸ್ಟರ್ ಹತ್ತು ವರ್ಷಗಳ ನಂತರದ ರಿಪೇರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಮೆರಿಕದಲ್ಲಿ ಫೋರ್ಡ್‌ಸನ್ ತಯಾರಿಕೆ 1928ರಲ್ಲಿ ನಿಂತಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಫೋರ್ಡ್ ಕಂಪನಿಯೇ 1939ರಲ್ಲಿ 9ಎನ್ ಟ್ರ್ಯಾಕ್ಟರನ್ನು ಹೊರತಂದಾಗ ಅದರ ಸಿಲಿಂಡರಿನಲ್ಲಿ ಸ್ಲೀವ್ ಇತ್ತು.

ಸ್ಲೀವ್‌ನಲ್ಲಿ ಎರಡು ಜಾತಿ. ಬ್ಲಾಕಿನ ಕೊಳವೆಯೊಳಗೆ ಬಿಗಿಯಾಗಿ ಕೂರುವುದು ಡ್ರೈ ಸ್ಲೀವ್. ತಂಪು ಮಾಡುವ ನೀರು ಅದಕ್ಕೆ ತಗಲುವುದಿಲ್ಲ. 9ಎನ್‌ನ ಮೊದಮೊದಲ ಸ್ಲೀವ್ ಸುಮಾರು 1 ಮಿಲಿಮೀಟರ್ ದಪ್ಪದ ಉಕ್ಕಿನದು. ಅದನ್ನು ಕೊರೆಯುವ ಪ್ರಶ್ನೆಯೇ ಇಲ್ಲ, ತೆಗೆದು ಹೊಸದು ಹಾಕಬೇಕು. ಮುಂದೆ ಅದರ ಜಾಗಕ್ಕೆ ಇನ್ನೂ ದಪ್ಪದ ಬೀಡುಕಬ್ಬಿಣದ ಸ್ಲೀವ್ ಬಂತು. ಇನ್ನೊಂದು ಜಾತಿ ವೆಟ್ ಸ್ಲೀವ್. ಇದರಲ್ಲಿ ಬ್ಲಾಕಿಗೆ ಸಿಲಿಂಡರ್ ಗೋಡೆಯೇ ಇಲ್ಲ, ಸ್ಲೀವೇ ಗೋಡೆ. ಅದರ ಹೊರಮೈಗೆ ನೀರು ನೇರವಾಗಿ ತಗಲುತ್ತದೆ.

ವೆಟ್ ಸ್ಲೀವ್‌ನ ಪ್ರಸಿದ್ಧ ಉದಾಹರಣೆ ಬೂದುಬಣ್ಣದ ಫರ್ಗುಸನ್ ಟಿಇ20. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1946ರಿಂದ 1956ರವರೆಗೆ ಇಂಥ 5 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳನ್ನು ತಯಾರಿಸಿತು. ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್ ಹಾಕಿದ ಮಾದರಿಯಲ್ಲಿ ಸಿಲಿಂಡರ್ ಮೊದಲು 80 ಮಿಲಿಮೀಟರ್ ಅಗಲವಿತ್ತು, ಆಮೇಲೆ 85 ಆಯಿತು. ಅದೇ ಎಂಜಿನ್ನಿನ ಇನ್ನೊಂದು ರೂಪ 83 ಮಿಲಿಮೀಟರ್ ಸ್ಲೀವ್‌ನೊಂದಿಗೆ ಟ್ರಯಂಫ್ ಟಿಆರ್2 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಓಡಿತು. ಸ್ಲೀವ್, ಪಿಸ್ಟನ್ ಬದಲಾದರೆ ಎಂಜಿನ್ನಿನ ಅಳತೆಯೇ ಬದಲು!

ನಮ್ಮ ರೈತರಿಗೆ ಹೆಚ್ಚು ಪರಿಚಿತವಾದದ್ದು ಇದರ ಮುಂದಿನ ತಲೆಮಾರು, ಮ್ಯಾಸಿ ಫರ್ಗುಸನ್ 35. ಆ ಕಂಪನಿಯ ಸಹಯೋಗದಲ್ಲಿ ಮದ್ರಾಸಿನಲ್ಲಿ 1960ರಲ್ಲಿ ಟಾಫೆ ಆರಂಭವಾಯಿತು. 35ರ ಡೀಸೆಲ್ ಮಾದರಿಗೆ ಮೊದಲು ಬಂದದ್ದು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನ ಎಂಜಿನ್, ಅದು ವೆಟ್ ಸ್ಲೀವ್‌ನದು. 1950ರ ದಶಕದ ಕೊನೆಗೆ ಬಂದ ಪರ್ಕಿನ್ಸ್ ಮೂರು ಸಿಲಿಂಡರಿನ ಎಂಜಿನ್ ಡ್ರೈ ಸ್ಲೀವ್‌ನದು. ಟ್ರ್ಯಾಕ್ಟರಿನ ಹೆಸರು ಒಂದೇ, ರಿಪೇರಿಯ ದಾರಿ ಎರಡು. ಬೆಂಗಳೂರಿನ ಎಚ್‌ಎಂಟಿ 1971ರಿಂದ ಚೆಕೊಸ್ಲೊವಾಕಿಯಾದ ಜೀಟರ್ ತಂತ್ರಜ್ಞಾನದಿಂದ ಪಿಂಜೋರಿನಲ್ಲಿ ತಯಾರಿಸಿದ ಟ್ರ್ಯಾಕ್ಟರುಗಳದು ವೆಟ್ ಸ್ಲೀವ್. ಆ ಟ್ರ್ಯಾಕ್ಟರ್ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ತಯಾರಕ ಇಲ್ಲವಾದ ಮೇಲೆ ಹೊಸ ಬ್ಲಾಕ್ ಸಿಗುವುದು ಕಷ್ಟ. ಸ್ಲೀವ್‌ನಂಥ ಸಣ್ಣ ಭಾಗವನ್ನಾದರೆ ಬೇರೆಯವರೂ ಮಾಡಿಕೊಡಬಲ್ಲರು.

ಹಾಗಾದರೆ ಉತ್ತರವೇನು? ವೆಟ್ ಸ್ಲೀವ್ ಎಂಜಿನ್ನಿನಲ್ಲಿ ವಾದವೇ ಇಲ್ಲ, ಹೊಸ ಸೆಟ್ ಹಾಕಬೇಕು. ಆದರೆ ಸ್ಲೀವ್ ಕೂರುವ ಜಾಗದ ತುಕ್ಕನ್ನು ಮೊದಲು ತೆಗೆಯಬೇಕು, ಕೆಳಗಿನ ಪ್ಯಾಕಿಂಗ್ ಹೊಸದಾಗಿರಬೇಕು. ಸ್ಲೀವ್‌ನ ತುದಿ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಟಿಆರ್2ರ ಎಂಜಿನ್ನಿನಲ್ಲಿ ಅದು ಅಂಗುಲದ ಸಾವಿರದಲ್ಲಿ 3ರಿಂದ 5 ಭಾಗ. ಅದಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನಿಲ್ಲದು, ಪ್ಯಾಕಿಂಗ್ ಸೋರಿದರೆ ನೀರು ಆಯಿಲ್‌ಗೆ ಇಳಿಯುತ್ತದೆ.

ಡ್ರೈ ಸ್ಲೀವ್‌ನ ಎಂಜಿನ್ನಿನಲ್ಲಿ ಹಳೆಯ ಸ್ಲೀವ್ ತೆಗೆದು, ಬ್ಲಾಕಿನ ಕೊಳವೆಯನ್ನು ಅಳೆದು, ಹೊಸದನ್ನು ಕೂರಿಸಬೇಕು. ಎರಡರ ನಡುವೆ ಮಸಿಯೋ ಗಾಳಿಯೋ ಉಳಿದರೆ ಶಾಖ ನೀರಿಗೆ ದಾಟದೆ ಪಿಸ್ಟನ್ ಹಿಡಿದುಕೊಳ್ಳಬಹುದು.

ನಿಜವಾಗಿ ಯೋಚಿಸಬೇಕಾದದ್ದು ಫೋರ್ಡ್‌ಸನ್‌ನಂಥ, ಸ್ಲೀವ್ ಇಲ್ಲದೆ ಹುಟ್ಟಿದ ಬ್ಲಾಕಿನ ವಿಷಯದಲ್ಲಿ. ಸವೆತ ಎಲ್ಲ ಸಿಲಿಂಡರಿನಲ್ಲೂ ಹೆಚ್ಚುಕಡಿಮೆ ಸಮನಾಗಿದ್ದು, ದೊಡ್ಡ ಪಿಸ್ಟನ್ ಸಿಗುವುದಾದರೆ ಬೋರ್ ಮಾಡಿಸುವುದೇ ಸರಳ. ಒಂದೇ ಲೋಹದ ಗೋಡೆಯಲ್ಲಿ ಶಾಖ ಸಲೀಸಾಗಿ ದಾಟುತ್ತದೆ, ಖರ್ಚೂ ಕಡಿಮೆ. ಕೊನೆಯ ಅಳತೆಯೂ ಮುಗಿದಿದ್ದರೆ, ದೊಡ್ಡ ಪಿಸ್ಟನ್ ಸಿಗದಿದ್ದರೆ, ಒಂದೇ ಸಿಲಿಂಡರಿಗೆ ಆಳವಾದ ಗೀರು ಬಿದ್ದಿದ್ದರೆ ಸ್ಲೀವ್ ಹಾಕಿಸಿ ಮೊದಲಿನ ಅಳತೆಗೆ ತರುವುದು ಜಾಣತನ. ಆದರೆ ಸ್ಲೀವ್‌ಗೆ ಜಾಗ ಮಾಡಲು ಇನ್ನೂ ಹೆಚ್ಚು ಕೊರೆಯಬೇಕು. ತುಕ್ಕು ತಿಂದ ಗೋಡೆಯಾದರೆ ಅದು ನೀರಿನ ಕಡೆಗೆ ತೂತಾದೀತು, ಇಲ್ಲವೇ ಸ್ಲೀವ್ ಒತ್ತುವಾಗ ಸೀಳೀತು. ಆಗ ಹೋಗುವುದು ಬ್ಲಾಕೇ.

ಆದ್ದರಿಂದ ಲೇತಿಗೆ ಕೊಡುವ ಮೊದಲು ಗೋಡೆ ಎಷ್ಟು ಉಳಿದಿದೆ ಎಂದು ಅಳೆಯಿಸುವುದು ಒಳ್ಳೆಯದು. ಪಿಸ್ಟನ್, ರಿಂಗು, ಸ್ಲೀವ್ ಇವತ್ತಲ್ಲ ನಾಳೆ ಸಿಕ್ಕಾವು. ಎಪ್ಪತ್ತು ಎಂಬತ್ತು ವರ್ಷ ಹಿಂದೆ ಎರಕ ಹೊಯ್ದ ಆ ಬ್ಲಾಕ್ ಮಾತ್ರ ಮತ್ತೆ ಸಿಗುವಂಥದ್ದಲ್ಲ. ಬೋರೋ ಸ್ಲೀವೋ, ಯಾವುದು ಅದನ್ನು ಉಳಿಸುತ್ತದೋ ಅದೇ ಸರಿಯಾದ ರಿಪೇರಿ.