ಊರಿಲ್ಲದ ಬಿಷಪ್: ಬಿಜಾಪುರದ ನೆಲದಲ್ಲಿ ಮಾತೆಯುಸ್ ದ ಕಾಸ್ತ್ರೊ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಓದೋಕೆ ಕೊಡಿ ಅನ್ನುವವರಿಗಾಗಿ ಈ ವಾರದ ಮಾತನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ನಾನಿರೋದು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ. ಇಲ್ಲಿಂದ ಗೋಲ್ಕೊಂಡ ಕೋಟೆ ಹೆಚ್ಚು ದೂರವಿಲ್ಲ. 17ನೇ ಶತಮಾನದಲ್ಲಿ ರೋಮ್ ಈ ಗೋಲ್ಕೊಂಡವನ್ನೂ ನಮ್ಮ ಬಿಜಾಪುರವನ್ನೂ ಒಬ್ಬನೇ ಬಿಷಪ್‌ನ ಸುಪರ್ದಿಗೆ ಕೊಟ್ಟಿತ್ತು. ಎರಡೂ ಸುಲ್ತಾನರ ರಾಜ್ಯಗಳು, ಎರಡರಲ್ಲೂ ಕ್ರೈಸ್ತರು ಬೆರಳೆಣಿಕೆ. ಹಾಗಾದ್ರೆ ಆ ಬಿಷಪ್ ಯಾರು, ಅವರಿಗೆ ಇಲ್ಲೇನು ಕೆಲಸ? ಇದೇ ಇವತ್ತಿನ ವಿಷಯ.

ಮೊದಲು ಹುದ್ದೆ ಅರ್ಥ ಮಾಡ್ಕೊಳ್ಳೋಣ. ಬಿಷಪ್ ಅಂದ್ರೆ ಸಾಮಾನ್ಯವಾಗಿ ಒಂದು ಧರ್ಮಪ್ರಾಂತದ ಮುಖ್ಯಸ್ಥ. ಆದರೆ ಎಲ್ಲ ಬಿಷಪ್‌ಗಳಿಗೂ ಸ್ವಂತ ಪ್ರಾಂತ ಇರುವುದಿಲ್ಲ. ಸಹಾಯಕ ಬಿಷಪ್‌ಗೆ ಇಲ್ಲ. ಪೋಪ್ ನೇರವಾಗಿ ತಮ್ಮ ಪ್ರತಿನಿಧಿಯಾಗಿ ಕಳಿಸುವ 'ವಿಕಾರ್ ಅಪೊಸ್ತೋಲಿಕ್'ಗೂ ಇರುತ್ತಿರಲಿಲ್ಲ. ಅಂಥವರಿಗೆ, ಹಿಂದೆಂದೋ ಬಿಷಪ್ ಇದ್ದು ಆಮೇಲೆ ಇಲ್ಲವಾದ ಒಂದು ಪ್ರಾಚೀನ ಊರಿನ ಹೆಸರನ್ನು ಬಿರುದಾಗಿ ಕೊಡುತ್ತಾರೆ. ಸಹಾಯಕ ಬಿಷಪ್‌ಗಳ ವಿಷಯದಲ್ಲಿ ಈ ಪದ್ಧತಿ ಇಂದಿಗೂ ಇದೆ. ನಮ್ಮ ಕಥಾನಾಯಕ ಮಾತೆಯುಸ್ ದ ಕಾಸ್ತ್ರೊ ಅವರಿಗೆ ಸಿಕ್ಕ ಹೆಸರು ಕ್ರಿಸೊಪೊಲಿಸ್. ಗ್ರೀಕಿನಲ್ಲಿ ಚಿನ್ನದ ಊರು ಅಂತ ಅರ್ಥ. ಕೆಲಸದ ಜಾಗದ ಹೆಸರು 'ಇದಲ್ಕಾನ್'. ಇದ್ಯಾವ ಊರು ಅಂತ ತಲೆ ಕೆಡಿಸಿಕೊಳ್ಳಬೇಡಿ. ಬಿಜಾಪುರದ ಆದಿಲ್ ಖಾನನ ಹೆಸರು ಪೋರ್ಚುಗೀಸರ ಬಾಯಲ್ಲಿ ಹಾಗಾಗಿತ್ತು.

ಕಾಸ್ತ್ರೊ ಹುಟ್ಟಿದ್ದು 1594ರ ಸುಮಾರಿಗೆ, ಗೋವಾದ ದೀವಾಡಿ ದ್ವೀಪದಲ್ಲಿ, ಮತಾಂತರಗೊಂಡ ಬ್ರಾಹ್ಮಣ ಮನೆತನದಲ್ಲಿ. ಫ್ರಾನ್ಸಿಸ್ಕನ್ ಪಾದ್ರಿಗಳ ಹತ್ತಿರ ಓದಿದರು. ಪಾದ್ರಿಯಾಗಬೇಕು ಅಂದಾಗ ಗೋವಾದ ಆರ್ಚ್‌ಬಿಷಪ್ ದೀಕ್ಷೆ ಕೊಡಲು ಒಪ್ಪಲಿಲ್ಲ. ಓದಿನಲ್ಲಿ ಕೊರತೆ ಅಂತಲ್ಲ, ಹುಟ್ಟಿನ ಕಾರಣಕ್ಕೆ. ನಿರಾಶೆಯಾಗಿ ಮನೆಗೆ ಹೋಗಿ ಕೂರೋದು ಬಿಟ್ಟು ಅವರು ಪರ್ಷಿಯಾದ ಕಡೆಯಿಂದ ಭೂಮಾರ್ಗದಲ್ಲಿ ರೋಮಿಗೇ ಹೊರಟರು! 1625ರ ಹೊತ್ತಿಗೆ ಮುಟ್ಟಿದರು.

ಅವರು ಹೋದ ಕಾಲವೂ ಚೆನ್ನಾಗಿತ್ತು ಅನ್ನಿ. ಅಲ್ಲಿಯವರೆಗೆ ಪೂರ್ವ ದೇಶಗಳ ಚರ್ಚುಗಳ ಮೇಲೆ ಪೋರ್ಚುಗಲ್ ರಾಜನಿಗೆ ಪೋಪ್‌ಗಳೇ ಕೊಟ್ಟ ಹಕ್ಕಿತ್ತು. ಬಿಷಪ್ ಯಾರಾಗಬೇಕು ಅಂತ ಸೂಚಿಸುವವನು ರಾಜ, ಖರ್ಚು ನೋಡಿಕೊಳ್ಳಬೇಕಾದವನೂ ರಾಜ. ಇದಕ್ಕೆ 'ಪದ್ರುವಾದೊ' ಅಂತ ಹೆಸರು. ಈ ಹಿಡಿತ ಸಡಿಲಿಸಬೇಕು, ಧರ್ಮಪ್ರಚಾರ ತನ್ನ ಕೈಯಲ್ಲಿರಬೇಕು ಅಂತ ರೋಮ್ 1622ರಲ್ಲಿ 'ಪ್ರೊಪಗಾಂಡ ಫೀದೆ' ಎಂಬ ಸಂಸ್ಥೆ ಕಟ್ಟಿತು. ಅದರ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿ ಅವರಿಗೆ ಸ್ಥಳೀಯ ಪಾದ್ರಿಗಳು ಬೇಕಿದ್ದರು. ಗೋವಾ ಬೇಡ ಅಂದವರನ್ನು ಅವರು ಕರೆದು ಓದಿಸಿದರು.

ಕಾಸ್ತ್ರೊ ಪಾದ್ರಿಯಾಗಿ 1633ರಲ್ಲಿ ಗೋವಾಕ್ಕೆ ವಾಪಸ್ ಬಂದರೆ, ರೋಮಿನ ಪತ್ರಗಳಿಗೆ ಅಲ್ಲಿ ಬೆಲೆ ಸಿಗಲಿಲ್ಲ. ಮತ್ತೆ ರೋಮಿಗೆ ಪಯಣ. 1637ರಲ್ಲಿ, ಹೆಚ್ಚು ಸದ್ದಿಲ್ಲದೆ, ಅವರಿಗೆ ಬಿಷಪ್ ಪದವಿ ಕೊಟ್ಟು ಕಳಿಸಿದರು. ಲ್ಯಾಟಿನ್ ವಿಧಿಯಲ್ಲಿ ಬಿಷಪ್ ಆದ ಮೊದಲ ಭಾರತೀಯ ಇವರೇ.

ಗೋವಾದಲ್ಲಿ ಕೂರೋ ಹಾಗಿಲ್ಲ. ಹಾಗಾಗಿ ಗಡಿಯಾಚೆಯ ಡಿಚೋಲಿಯಲ್ಲಿ ನೆಲೆ ನಿಂತರು. ಇಂದು ಗೋವಾದ ಭಾಗವಾಗಿರುವ ಡಿಚೋಲಿ ಆಗ ಆದಿಲ್‌ಶಾಹಿಯ ನೆಲ. ಗೋಳಗುಮ್ಮಟದ ಕೆಳಗೆ ಮಲಗಿದ್ದಾನಲ್ಲ, ಅದೇ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆ. ಅಲ್ಲಿ ಚರ್ಚು ಕಟ್ಟಿದರು, ಗೋವಾ ತಿರಸ್ಕರಿಸಿದ ಹುಡುಗರಿಗೆ ದೀಕ್ಷೆ ಕೊಟ್ಟರು. ಯೋಚಿಸಿ ನೋಡಿ: ಅಧಿಕಾರ ಬರೆದುಕೊಟ್ಟದ್ದು ರೋಮ್, ಕಾಲೂರಲು ನೆಲ ಕೊಟ್ಟದ್ದು ಮುಸ್ಲಿಂ ಸುಲ್ತಾನ, ತಡೆದದ್ದು ಕ್ಯಾಥೊಲಿಕ್ ಗೋವಾ.

ಹಾಗಂತ ಕಾಸ್ತ್ರೊ ಅವರನ್ನು ಹುತಾತ್ಮರ ಸಾಲಿಗೆ ಸೇರಿಸುವುದು ಕಷ್ಟ. ವೆಂಗುರ್ಲೆಯ ಡಚ್ಚರ ಜೊತೆ ಸಂಪರ್ಕ ಇಟ್ಟುಕೊಂಡರು, ಬಿಜಾಪುರವನ್ನು ಪೋರ್ಚುಗೀಸರ ಮೇಲೆ ಎತ್ತಿಕಟ್ಟಲು ನೋಡಿದರು. 1653ರಲ್ಲಿ ಬರೆದ ಅವರ ಪುಸ್ತಕದ ಹೆಸರು 'ಬ್ರಾಹ್ಮಣರ ಕನ್ನಡಿ'. ಹೆಸರೇ ಹೇಳುತ್ತೆ, ಅವರು ಎಚ್ಚರಿಸಲು ಹೊರಟದ್ದು ಯಾರನ್ನು ಅಂತ. ಹುಟ್ಟು ನೋಡಿ ಬಾಗಿಲು ಹಾಕಿದವರ ವಿರುದ್ಧ ಬಡಿದಾಡಿದ ಮನುಷ್ಯ, ತಾನು ತೆರೆದ ಬಾಗಿಲಲ್ಲೂ ಜಾತಿಯನ್ನೇ ಕಾವಲಿಗಿಟ್ಟರು. ಈ ಮಾತನ್ನು ನುಂಗಿಕೊಂಡು ಅವರ ಕಥೆ ಹೇಳಿದರೆ ಅರ್ಧ ಸತ್ಯ. 1658ರಲ್ಲಿ ಕೊನೆಯ ಬಾರಿ ರೋಮಿಗೆ ಹೋದವರು ಮತ್ತೆ ಬರಲಿಲ್ಲ. 1677ರಲ್ಲಿ ಅಲ್ಲೇ ತೀರಿಕೊಂಡರು.

ಜಗಳ ಮಾತ್ರ ಅವರ ಜೊತೆ ಸಾಯಲಿಲ್ಲ, ಇನ್ನೂ ದಕ್ಷಿಣಕ್ಕೆ ಇಳಿಯಿತು. ಅವರ ಬಂಧು ತೊಮಾಸ್ ದ ಕಾಸ್ತ್ರೊ ಕೂಡ ಊರಿಲ್ಲದ ಬಿಷಪ್ಪೇ. 1670ರ ದಶಕದಲ್ಲಿ ರೋಮ್ ಅವರಿಗೆ ಕೆನರಾ ಕರಾವಳಿಯ ಹೊಣೆ ಕೊಟ್ಟಿತು. ಮಂಗಳೂರಿಗೆ ಬಂದು ನೋಡಿದರೆ ಗೋವಾ ಕಳಿಸಿದ ಪಾದ್ರಿಗಳು ಮೊದಲೇ ಇದ್ದಾರೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಸರ್ವರ್‌ಗೆ ಇಬ್ಬರು ಅಡ್ಮಿನ್, ಇಬ್ಬರ ಪಾಸ್‌ವರ್ಡೂ ಅಸಲಿ. ತೊಂದರೆ ಆಗೋದು ಬಳಕೆದಾರರಿಗೆ. ಕರಾವಳಿಯ ಕ್ರೈಸ್ತರು ಎರಡು ಪಂಗಡವಾದರು. ಈ ಪಾದ್ರಿ ಮಾಡಿಸಿದ ಮದುವೆ ನಿಜವಾ, ಆ ಪಾದ್ರಿ ಕೊಟ್ಟ ಪಾಪಕ್ಷಮೆ ಸಲ್ಲುತ್ತಾ? ನಂಬಿದವನಿಗೆ ಇದು ಕಾಗದದ ಪ್ರಶ್ನೆ ಅಲ್ಲ, ಪರಲೋಕದ ಪ್ರಶ್ನೆ.

ಆಗ ಕರಾವಳಿ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. 1681ರಲ್ಲಿ ಗೋವಾ ತನ್ನ ಕಡೆಯಿಂದ ಕಳಿಸಿದ್ದು ಜೋಸೆಫ್ ವಾಸ್ ಎಂಬ ಯುವ ಪಾದ್ರಿಯನ್ನು. ವಾಸ್ ಗೆಲ್ಲುವ ಹಟ ಹಿಡಿಯದೆ ತೊಮಾಸ್ ಜೊತೆ ಮಾತಿಗೆ ಕೂತರು, ಒಡಕು ದೊಡ್ಡದಾಗದಂತೆ ನೋಡಿಕೊಂಡರು, ಹಳ್ಳಿ ಹಳ್ಳಿ ಸುತ್ತಿದರು. ತೊಮಾಸ್ 1684ರಲ್ಲಿ ತೀರಿಕೊಂಡರು. ವಾಸ್ ಮುಂದೆ ಸಿಂಹಳಕ್ಕೆ ಹೋದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರ ಇದೆ. ಆದರೂ ರೋಮ್ ಮತ್ತು ಪೋರ್ಚುಗಲ್ ನಡುವಿನ ಈ ತಕರಾರು 19ನೇ ಶತಮಾನದವರೆಗೂ ಎಳೆಯಿತು. ಮಂಗಳೂರು ತನ್ನದೇ ಧರ್ಮಪ್ರಾಂತವಾದದ್ದು 1886ರಲ್ಲಿ.

ವಾಸ್ ಸಂತರಾದರು, ಎಲ್ಲರಿಗೂ ಗೊತ್ತು. ಇಬ್ಬರು ಕಾಸ್ತ್ರೊಗಳ ಹೆಸರು ಕರಾವಳಿಯ ಹೊರಗೆ ಹೆಚ್ಚು ಜನ ಕೇಳಿಲ್ಲ. ಆದರೆ ಸ್ಥಳೀಯನೊಬ್ಬ ಬಿಷಪ್ ಆಗಬಹುದು ಅಂತ ಮೊದಲು ತೋರಿಸಿದ್ದು ಆ ಕೆರಳಿದ ಹಿರಿಯ ಕಾಸ್ತ್ರೊ, ಅದೂ ಬಿಜಾಪುರದ ನೆಲದಲ್ಲಿ ನಿಂತು. ನಿಮ್ಮೂರ ಹಳೆಯ ಚರ್ಚಿನಲ್ಲಿ 1886ಕ್ಕಿಂತ ಹಿಂದಿನ ಕಲ್ಲುಬರಹ ಇದ್ದರೆ ಒಮ್ಮೆ ನೋಡಿ ಬನ್ನಿ: ಗೋವಾದ ಹೆಸರಿದೆಯಾ, ರೋಮಿನದಾ? ನನಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.